ಒಲೆಯನ್ನು ತಿದ್ದಿದ ಕೌಂಟ್ ರಂಫರ್ಡ್

ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ಹೊಸದಾಗಿ ಸಂಸಾರ ಹೂಡುವ ನಮ್ಮವರು ಮನೆ ನೋಡಲು ಹೋದಾಗ ಸ್ಟೇಷನ್ನು ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತದೆ, ಠೇವಣಿ ಎಷ್ಟು ಎಂದು ವಿಚಾರಿಸುತ್ತಾರೆ. ಒಲೆಯನ್ನು ಎಲ್ಲಿ ಇಡುವುದು, ಅದರ ಹೊಗೆ ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂದು ವಿಚಾರಿಸುವವರು ವಿರಳ. ಆದರೆ ಮನೆಯೊಡತಿಯ ಹಗಲಿನ ಬಹುಭಾಗ ಕಳೆಯುವುದು ಆ ಒಲೆಯ ಮುಂದೆಯೇ. ಠಾಣೆಯಿಂದ ನವಿ ಮುಂಬಯಿಯವರೆಗೆ ಹೋಟೆಲುಗಳ ಭಟ್ಟಿಯ ಮುಂದೆ ನಿಂತು ದುಡಿಯುವ ನಮ್ಮ ಅಡಿಗೆಯವರ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ. ಬೆಂಕಿಗೆ ತಕ್ಕ ಮನೆ ಯಾವುದು ಎಂಬುದನ್ನು ಶಾಸ್ತ್ರೀಯವಾಗಿ ಚಿಂತಿಸಿದವರಲ್ಲಿ ಅಗ್ರಗಣ್ಯನಾದ ಕೌಂಟ್ ರಂಫರ್ಡನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಆತನ ವಿದ್ಯೆಯಿಂದ ನಾವು ಕಲಿಯತಕ್ಕದ್ದು ಬಹಳವಿದೆ. ಆತನ ಬಾಳಿನಿಂದ ಎಚ್ಚರ ತಾಳತಕ್ಕದ್ದೂ ಇದೆ.

ರಂಫರ್ಡ್ ಎಂಬುದು ಆತನ ಹುಟ್ಟುಹೆಸರಲ್ಲ. ಬೆಂಜಮಿನ್ ಥಾಮ್ಸನ್ ಎಂಬ ಹೆಸರಿನಿಂದ ಆತನು 1753ರ ಮಾರ್ಚ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೋಬರ್ನ್ ಎಂಬ ಊರಿನಲ್ಲಿ, ಸಾಮಾನ್ಯ ರೈತ ಮನೆತನದಲ್ಲಿ ಜನಿಸಿದನು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹದಿಮೂರನೆಯ ವಯಸ್ಸಿನಲ್ಲಿ ಸೇಲಂ ಪಟ್ಟಣದ ಒಂದು ಅಂಗಡಿಯಲ್ಲಿ ಕೆಲಸದ ಹುಡುಗನಾದನು. ಅದೇ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರಿಗೆ ಈ ಭಾಗವು ಅಪರಿಚಿತವೆನಿಸದು. ಗಲ್ಲೆಯ ಹಿಂದೆ ನಿಂತ ಹುಡುಗನ ಮನಸ್ಸು ವ್ಯಾಪಾರದಲ್ಲಿರಲಿಲ್ಲ. ಸಿಡಿಮದ್ದು ತಯಾರಿಸಲು ಹೋಗಿ ಮೈ ಸುಟ್ಟುಕೊಂಡನು. ಗುಣವಾದ ಮೇಲೆ ಮಿತ್ರನೊಬ್ಬನ ಸಂಗಡ ಮೈಲುಗಟ್ಟಲೆ ನಡೆದುಹೋಗಿ ಹಾರ್ವರ್ಡ್ ಕಾಲೇಜಿನ ವಿಜ್ಞಾನದ ಉಪನ್ಯಾಸಗಳನ್ನು ಕೇಳಿದನು.

1772ರಲ್ಲಿ ಆತನು ಕಾಂಕಾರ್ಡ್ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ಈ ಊರಿಗೆ ಹಿಂದೆ ರಂಫರ್ಡ್ ಎಂಬ ಹೆಸರಿತ್ತು. ಅದೇ ವರ್ಷ ತನಗಿಂತ ಹಿರಿಯಳಾದ ಸಿರಿವಂತ ವಿಧವೆ ಸಾರಾ ರೋಲ್ಫ್ ಎಂಬಾಕೆಯನ್ನು ವರಿಸಿದನು. 1774ರಲ್ಲಿ ಹೆಣ್ಣುಮಗು ಹುಟ್ಟಿತು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾವು ಏರತೊಡಗಿತ್ತು. ಥಾಮ್ಸನ್ ಆಂಗ್ಲ ಅರಸನ ಪಕ್ಷ ವಹಿಸಿ, ತನ್ನವರ ಸಮಾಚಾರವನ್ನು ಗುಪ್ತವಾಗಿ ಆಂಗ್ಲ ಸೇನೆಗೆ ಒದಗಿಸಿದನು. ಜನರ ಕೋಪಕ್ಕೆ ಹೆದರಿ ಮನೆ ತೊರೆದು, 1776ರಲ್ಲಿ ಲಂಡನ್ನಿನ ಹಡಗು ಹತ್ತಿದನು. ಹೆಂಡತಿಯ ಮುಖವನ್ನು ಆತನು ಮತ್ತೆ ನೋಡಲಿಲ್ಲ.

ಲಂಡನ್ನಿನಲ್ಲಿ ಸರಕಾರಿ ಕಚೇರಿಯ ಕೆಲಸದ ಜೊತೆಗೆ ಮದ್ದುಗುಂಡಿನ ಪ್ರಯೋಗಗಳನ್ನು ನಡೆಸಿ, 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. 1784ರಲ್ಲಿ ಸರ್ ಪದವಿ ದೊರೆಯಿತು. ಅನಂತರ ಜರ್ಮನಿಯ ಬವೇರಿಯಾ ಸಂಸ್ಥಾನದ ಪ್ರಭು ಕಾರ್ಲ್ ಥಿಯೋಡೋರನ ಸೇವೆಯನ್ನು ಕೈಕೊಂಡನು. ಆತನ ಕೀರ್ತಿಗೆ ನಿಜವಾದ ತಳಹದಿ ಬಿದ್ದುದು ಇಲ್ಲಿಯೇ.

ರಾಜಧಾನಿಯಾದ ಮ್ಯೂನಿಕ್ ನಗರದಲ್ಲಿ ಭಿಕ್ಷುಕರ ಹಾವಳಿ ಮಿತಿಮೀರಿತ್ತು. 1790ರ ಜನವರಿ 1ರಂದು ಥಾಮ್ಸನ್ ಅವರನ್ನು ಹಿಡಿಸಿ, ತಾನು ಸ್ಥಾಪಿಸಿದ ಉದ್ಯೋಗಶಾಲೆಗೆ ಸೇರಿಸಿದನು. ಅಲ್ಲಿ ಅವರು ಸೈನಿಕರ ಉಡುಪಿಗೆ ನೂಲು ತೆಗೆದರು, ಬಟ್ಟೆ ನೇಯ್ದರು. ಕೂಲಿಯನ್ನೂ ಬಿಸಿಯೂಟವನ್ನೂ ಪಡೆದರು. ಸಾವಿರಕ್ಕೂ ಮಿಕ್ಕಿದ ಜನರಿಗೆ ದಿನನಿತ್ಯ ಅಡಿಗೆಯಾಗಬೇಕು. ಖರ್ಚು ಮಾತ್ರ ಏರಬಾರದು. ಈ ಇಕ್ಕಟ್ಟು ಎಂಥದೆಂಬುದು ನಮ್ಮ ಹೋಟೆಲು ಬಾಂಧವರಿಗೆ ಗೊತ್ತು. ಬಾರ್ಲಿ, ಬಟಾಣಿ, ಆಲೂಗಡ್ಡೆಗಳನ್ನು ಬಹಳ ಹೊತ್ತು ಬೇಯಿಸಿದ ಗಟ್ಟಿ ಸಾರನ್ನು ಆತನು ಯೋಜಿಸಿದನು. ಆದರೆ ಲೆಕ್ಕ ಹಾಕುತ್ತ ಹೋದಾಗ ದವಸಕ್ಕಿಂತ ಮೊದಲು ಆತನ ಗಮನವನ್ನು ಸೆಳೆದುದು ಸೌದೆ. ಅಂದಿನ ಅಡಿಗೆಮನೆಗಳಲ್ಲಿ ಬೆಂಕಿ ಬಯಲಿನಲ್ಲಿ ಉರಿಯುತ್ತಿತ್ತು. ಪಾತ್ರೆಗೆ ತಗಲುವ ಕಾವು ಅತ್ಯಲ್ಪ. ಗಾಳಿಯ ಪಾಲಾಗುವುದೇ ಅಧಿಕ. ಉಳಿದುದು ಅಡಿಗೆಯವನ ಮುಖಕ್ಕೆ.

ಥಾಮ್ಸನ್ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಪಾತ್ರೆಗಳನ್ನು ಅದರೊಳಗೆ ಕಂಠದವರೆಗೆ ಇಳಿಸಿದನು. ಪ್ರತಿ ಪಾತ್ರೆಯ ಅಡಿಯಲ್ಲಿ ಬೇರೆ ಬೇರೆ ಪುಟ್ಟ ಬೆಂಕಿ. ಸೌದೆಯ ಕೆಳಗೆ ಬೂದಿ ಉದುರಿ ಗಾಳಿಯಾಡಲು ಕಂಬಿಯ ಜಾಲರಿ. ಗಾಳಿಯನ್ನು ಹೆಚ್ಚುಕಡಿಮೆ ಮಾಡಲು ಮುಚ್ಚಳ. ಹೊಗೆ ಹೊರಬೀಳುವ ಮೊದಲು ಪಾತ್ರೆಯ ಸುತ್ತ ಬಳಸಿ, ತನ್ನ ಕಾವನ್ನು ಅದಕ್ಕೆ ಕೊಟ್ಟು ಹೋಗುವ ದಾರಿ. ಸೌದೆಯ ಖರ್ಚು ಬಹಳವಾಗಿ ಇಳಿಯಿತು. ಈ ಸೇವೆಗಳನ್ನು ಮೆಚ್ಚಿ ಪ್ರಭುವು ಆತನಿಗೆ ಕೌಂಟ್ ಪದವಿಯನ್ನಿತ್ತನು. ಬಿರುದಿಗೆ ಒಂದು ಸ್ಥಳದ ಹೆಸರು ಬೇಕಾದಾಗ ಆತನು ಆರಿಸಿದ ಹೆಸರು ರಂಫರ್ಡ್. ಹೆಂಡತಿ ಮಗಳನ್ನು ಬಿಟ್ಟುಬಂದ ಊರನ್ನು ಆತನು ಹೆಸರಿನಲ್ಲಿ ಮಾತ್ರ ಹೊತ್ತುಕೊಂಡನು. ಪತ್ನಿಯು 1792ರಲ್ಲಿ ತೀರಿಕೊಂಡಳು.

1795ರಲ್ಲಿ ಲಂಡನ್ನಿಗೆ ಮರಳಿದಾಗ ಆ ನಗರವು ಹೊಗೆಯಲ್ಲಿ ಮುಳುಗಿತ್ತು. ಚಳಿಯ ದೇಶದಲ್ಲಿ ಪ್ರತಿ ಕೋಣೆಗೂ ಗೋಡೆಯೊಳಗೆ ಒಂದು ಅಗ್ಗಿಷ್ಟಿಕೆ ಬೇಕು. ದೊಡ್ಡ ಬೆಂಕಿಗೂಡಿದ್ದರೆ ಹೆಚ್ಚು ಬಿಸಿ ಎಂದು ಜನರು ನಂಬಿದ್ದರು. ಆದರೆ ಅಗಲವಾದ ಹೊಗೆಗೂಡು ಕೋಣೆಯ ಬೆಚ್ಚನೆಯ ಗಾಳಿಯನ್ನು ಮೇಲಕ್ಕೆಳೆದುಕೊಂಡು, ಹೊಗೆಯನ್ನು ಕೆಳಕ್ಕೆ ತಳ್ಳುತ್ತಿತ್ತು. ರಂಫರ್ಡನು 1796ರಲ್ಲಿ ಈ ವಿಷಯದ ಮೇಲೆ ಪ್ರಬಂಧ ಪ್ರಕಟಿಸಿ, ಪರಿಹಾರವನ್ನು ಸಾಮಾನ್ಯ ಗಾರೆಯವನಿಗೂ ತಿಳಿಯುವಂತೆ ಹೇಳಿದನು. ಹೊಗೆಗೂಡಿನ ಕಂಠವನ್ನು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಬೇಕು. ಹಿಂದಿನ ಗೋಡೆಯನ್ನು ಮುಂದಕ್ಕೆ ತರಬೇಕು. ಅದರ ಅಗಲವು ಮುಂಬಾಯಿಯ ಮೂರನೆಯ ಒಂದು ಪಾಲಿನಷ್ಟಿದ್ದರೆ ಸಾಕು. ಪಕ್ಕದ ಗೋಡೆಗಳು ಬಿಚ್ಚಿದ ಬಾಗಿಲುಗಳಂತೆ ಹೊರಕ್ಕೆ ಓರೆಯಾಗಿ, ಕಾವನ್ನು ಕೋಣೆಯತ್ತ ತಿರುಗಿಸಬೇಕು. ಕಬ್ಬಿಣದ ಬದಲು ಇಟ್ಟಿಗೆಯನ್ನು ಬಳಸಿ ಸುಣ್ಣ ಬಳಿಯಬೇಕು. ಇಷ್ಟೇ ವಿದ್ಯೆ. ಬೆಂಕಿಯು ಚಿಕ್ಕದಾಯಿತು, ಬಿಸಿ ಹೆಚ್ಚಾಯಿತು, ಹೊಗೆ ನಿಂತಿತು. ಲಂಡನ್ನಿನ ನೂರಾರು ಮನೆಗಳ ಅಗ್ಗಿಷ್ಟಿಕೆಗಳು ಈ ಬಗೆಯಾಗಿ ತಿದ್ದಲ್ಪಟ್ಟವು.

ಉಳಿದ ಸಾಧನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮ್ಯೂನಿಕ್ಕಿನಲ್ಲಿ ಫಿರಂಗಿಯನ್ನು ಕೊರೆಯುವಾಗ ಅದು ಕಾಯುವುದನ್ನು ಕಂಡು, ಫಿರಂಗಿಯ ಲೋಹವನ್ನು ನೀರಿನೊಳಗೆ ಮೊಂಡಾದ ಬೈರಿಗೆಗೆ ಒತ್ತಿ ತಿರುಗಿಸಿ, ಬೆಂಕಿಯಿಲ್ಲದೆಯೇ ಎರಡೂವರೆ ಗಂಟೆಯಲ್ಲಿ ನೀರನ್ನು ಕುದಿಸಿ ತೋರಿಸಿದನು. ಶಾಖವೆಂಬುದು ವಸ್ತುವಲ್ಲ, ಚಲನೆಯ ಒಂದು ರೂಪವೆಂಬ ಆತನ 1798ರ ಲೇಖನವು ವಿಜ್ಞಾನದ ದಿಕ್ಕನ್ನೇ ಬದಲಿಸಲು ನೆರವಾಯಿತು. 1799ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸ್ಥಾಪಕರಲ್ಲಿ ಪ್ರಮುಖನಾದನು. ತರುಣ ಹಂಫ್ರಿ ಡೇವಿಯನ್ನು ಅಲ್ಲಿಗೆ ಕರೆತಂದನು. ಕಾಫಿಪ್ರಿಯರಾದ ನಮಗೆ ಇನ್ನೊಂದು ಸಂಗತಿಯೂ ಹಿತವೆನಿಸೀತು: ಕಾಫಿಯನ್ನು ಕುದಿಸಿ ಕೆಡಿಸದೆ, ಬಿಸಿನೀರನ್ನು ಪುಡಿಯ ಮೂಲಕ ಸೋಸಿ ಇಳಿಸುವ ಪಾತ್ರೆಗಳನ್ನು ಆತನು ರೂಪಿಸಿ, 1812ರಲ್ಲಿ ಅದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದನು.

ಇದೆಲ್ಲ ಪರದೇಶದ ಹಳೆಯ ಮಾತೆಂದು ವಾಚಕರು ತಳ್ಳಿಹಾಕಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದ ವಿಜ್ಞಾನಿಗಳು 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಒದಗಿಸಿದ ಅಸ್ತ್ರ ಒಲೆಯಲ್ಲಿಯೂ ಇವೇ ತತ್ತ್ವಗಳನ್ನು ಕಾಣುತ್ತೇವೆ. ಮುಚ್ಚಿದ ಬೆಂಕಿ, ಅಡಿಗೆ ಜಾಲರಿ, ತೂತಿನಲ್ಲಿ ಬಿಗಿಯಾಗಿ ಕೂರುವ ಮೂರು ಪಾತ್ರೆಗಳು, ಕೊನೆಗೆ ಹೊಗೆಕೊಳವೆ. ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಿದ್ದ ತಾಯಂದಿರನ್ನು ಕಂಡವರಿಗೆ ಆ ಕೊಳವೆಯ ಬೆಲೆ ತಿಳಿದೀತು.

ಇಲ್ಲಿನ ನಮ್ಮ ಮನೆಗಳಿಗೂ ಈ ಪಾಠವು ಅನ್ವಯಿಸುತ್ತದೆ. ಅನಿಲದ ಒಲೆಯನ್ನು ಕೊಳ್ಳುವಾಗ ಬರ್ನರುಗಳ ಸಂಖ್ಯೆಗಿಂತ, ಅವು ನಮ್ಮ ಪಾತ್ರೆಗಳ ಅಳತೆಗೆ ಹೊಂದುತ್ತವೆಯೇ ಎಂಬುದನ್ನು ನೋಡಬೇಕು. ಪಾತ್ರೆಯ ಅಂಚನ್ನು ದಾಟಿದ ಉರಿಯು ಹಣವನ್ನೇ ಸುಡುತ್ತದೆ. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರನ್ನು ಶುಚಿಮಾಡಿಸಬೇಕು. ಒಲೆಯ ಬಳಿ ಕಿಟಕಿಯಾಗಲಿ ಹೊಗೆ ಹೊರದೂಡುವ ಫ್ಯಾನಾಗಲಿ ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಸಿಗಡಿ ಹಚ್ಚಿ ಮಲಗುವುದು, ಗಾಳಿಯಿಲ್ಲದ ಬಚ್ಚಲಿನಲ್ಲಿ ಅನಿಲದ ಗೀಸರ್ ಉರಿಸುವುದು ಪ್ರಾಣಾಂತಿಕ. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಉಸಿರು ನಿಲ್ಲಿಸುತ್ತದೆ. ಸೌದೆ, ಇದ್ದಲುಗಳ ಬೇಕರಿ ಭಟ್ಟಿಗಳನ್ನು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಯಿಸಬೇಕೆಂದು 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆದೇಶಿಸಿದಾಗ ಖರ್ಚಿನ ಚಿಂತೆ ಸಹಜವಾಗಿಯೇ ಎದ್ದಿತು. ಆದರೆ ಭಟ್ಟಿಯ ಮುಂದೆ ನಿಲ್ಲುವವನ ಶ್ವಾಸಕೋಶವನ್ನೂ ಆ ಖರ್ಚಿನ ಪುಸ್ತಕದಲ್ಲಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ರಂಫರ್ಡನ ಕೊನೆಯ ದಿನಗಳು ಸುಖಕರವಾಗಿರಲಿಲ್ಲ. ಕೈಗೂಸಾಗಿದ್ದಾಗ ಬಿಟ್ಟುಬಂದ ಮಗಳನ್ನು ಆತನು ಮತ್ತೆ ಕಂಡುದು 1796ರಲ್ಲಿ, ಆಕೆಗೆ ಇಪ್ಪತ್ತೊಂದು ವರ್ಷವಾದ ಮೇಲೆ. 1805ರಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲವಾಸಿಯೇಯ ವಿಧವೆಯನ್ನು ಮದುವೆಯಾದನು; ನಾಲ್ಕು ವರ್ಷಗಳಲ್ಲಿ ಆ ಸಂಬಂಧವೂ ಮುರಿದು ಇಬ್ಬರೂ ಬೇರೆಯಾದರು. 1814ರ ಆಗಸ್ಟ್ 21ರಂದು ಪ್ಯಾರಿಸಿನ ಬಳಿಯ ಓತೈ ಎಂಬಲ್ಲಿ ಆತನು ಮೃತನಾದನು. ತಾನು ಹುಟ್ಟಿದ ನಾಡಿಗೆ ಆತನು ಮರಳಿ ಹೋಗಿ ನೆಲಸಲೇ ಇಲ್ಲ.

ಸಾವಿರಾರು ಮನೆಗಳ ಒಲೆಯನ್ನು ನೇರ್ಪಡಿಸಿದ ಈ ಬುದ್ಧಿಶಾಲಿಗೆ ತನ್ನ ಮನೆಯ ಬೆಂಕಿಯನ್ನು ಕಾಪಾಡಿಕೊಳ್ಳಲಾಗಲಿಲ್ಲ. ಬೆಂಕಿಗೆ ಗಾಳಿ ಹೇಗೋ ಸಂಸಾರಕ್ಕೆ ಲಕ್ಷ್ಯ ಹಾಗೆ. ದೊರೆಯದಿದ್ದರೆ ಎರಡೂ ನಂದುತ್ತವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಆತನಿಂದ ಒಲೆ ಹೂಡುವ ವಿದ್ಯೆಯನ್ನು ಕಲಿಯೋಣ. ಊರಿನಲ್ಲಿ ನಮ್ಮ ದಾರಿ ನೋಡುವವರ ಒಲೆಯೂ ಆರದಂತೆ ನೋಡಿಕೊಳ್ಳುವುದನ್ನು ಮಾತ್ರ ನಮ್ಮ ಹಿರಿಯರಿಂದಲೇ ಕಲಿಯೋಣ.