ಅಕ್ಷರ ಕಲಿಸಿದ ಕಥೆಗಾರ: ದೇವಕೀನಂದನ ಖತ್ರಿ

ಒಂದು ಕಥೆಯನ್ನು ಓದುವುದಕ್ಕಾಗಿಯೇ ಹೊಸ ಲಿಪಿಯನ್ನು ಕಲಿಯುವುದುಂಟೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಹಾಗಾಯಿತು. ಉರ್ದು ಮಾತ್ರ ಓದಬಲ್ಲ ಎಷ್ಟೋ ಜನ ನಾಗರೀ ಅಕ್ಷರಗಳನ್ನು ತಿದ್ದಿದ್ದು ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' ಕಾದಂಬರಿಗಾಗಿ.

ಖತ್ರಿಯವರು 1861ರಲ್ಲಿ ಬಿಹಾರದ ಪೂಸಾದಲ್ಲಿ ಜನಿಸಿದರು. ಮೊದಲು ಕಲಿತದ್ದು ಉರ್ದು, ಫಾರಸಿ. ಹಿಂದೀ ಸಂಸ್ಕೃತಗಳ ಅಭ್ಯಾಸ ನಡೆದದ್ದು ಕಾಶಿಗೆ ಬಂದ ಮೇಲೆ. ಮುಂದೆ ಕಾಶೀ ಮಹಾರಾಜರಿಂದ ಚಕಿಯಾ, ನೌಗಢಗಳ ಕಾಡಿನ ಗುತ್ತಿಗೆ ಹಿಡಿದರು. ವ್ಯಾಪಾರಕ್ಕೆಂದು ಕಾಡು ಹೊಕ್ಕವರ ಕಣ್ಣನ್ನು ಪಾಳು ಕೋಟೆಗಳೂ ಕಣಿವೆಗಳೂ ಸೆರೆಹಿಡಿದವು. ಗುತ್ತಿಗೆ ಮುಗಿಯಿತು, ಆ ಕೋಟೆಗಳು ಮನಸ್ಸಿನಲ್ಲಿ ಉಳಿದು, 1888ರ ಸುಮಾರಿಗೆ ಕಥೆಯಾಗತೊಡಗಿದವು.

ನೌಗಢದ ರಾಜಕುಮಾರ ವೀರೇಂದ್ರಸಿಂಹನಿಗೂ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಗೂ ಪ್ರೇಮ. ನಡುವೆ ದಿವಾನನ ಮಗ ಕ್ರೂರಸಿಂಹನ ಕುತಂತ್ರ. ಇಷ್ಟೇ ಆಗಿದ್ದರೆ ಕಥೆ ಎಂದೋ ಮರೆತುಹೋಗುತ್ತಿತ್ತು. ಆದರೆ ಇಲ್ಲಿ ಐಯಾರರಿದ್ದಾರೆ: ಮೂರ್ಛೆ ಬರಿಸುವ ಔಷಧವನ್ನು ಚೀಲದಲ್ಲಿಟ್ಟುಕೊಂಡು, ಕ್ಷಣಕ್ಕೊಂದು ವೇಷ ತೊಡುವ ಗೂಢಚಾರರು. ತಿಲಿಸ್ಮ್ ಇದೆ: ಪೂರ್ವಿಕರು ನಿಧಿಯನ್ನಡಗಿಸಿ, ವಿಧಿ ಗೊತ್ತುಮಾಡಿದವನಿಗಷ್ಟೇ ತೆರೆಯುವಂತೆ ಕಟ್ಟಿದ ಮಾಯಾಭವನ. ಈ ಎರಡೂ ಫಾರಸೀ, ಉರ್ದು ದಾಸ್ತಾನುಗಳಿಂದ ಬಂದವು. ಆದರೆ ದಾಸ್ತಾನಿನಲ್ಲಿ ಮಾಂತ್ರಿಕರು ನಡೆಸುತ್ತಿದ್ದುದನ್ನು ಖತ್ರಿಯವರು ಬಹುಮಟ್ಟಿಗೆ ಯಂತ್ರಗಳಿಗೂ ಮೂಲಿಕೆಗಳಿಗೂ ಒಪ್ಪಿಸಿದರು.

ಮುಂದಿನ 'ಚಂದ್ರಕಾಂತಾ ಸಂತತಿ' 24 ಭಾಗಗಳಾಗಿ ಬೆಳೆಯಿತು. ನಾಯಕನ ಮಕ್ಕಳಾದ ಇಂದ್ರಜಿತ್‌ಸಿಂಹ, ಆನಂದಸಿಂಹರ ಈ ಕಥೆಯಲ್ಲಿ ಓದುಗನಿಗೆ ನಿದ್ದೆಯಿಲ್ಲ. ಗೆಳೆಯನೆಂದು ನಂಬಿದವನು ವೇಷಧಾರಿ, ಸತ್ತರೆಂದುಕೊಂಡವರು ಬದುಕಿದ್ದಾರೆ, ಎಂದೋ ಕಂಡ ಕಾಗದವೊಂದು ಎಷ್ಟೋ ಭಾಗಗಳ ಬಳಿಕ ಅರ್ಥ ಬಿಡುತ್ತದೆ. ಹಿಂದಿನದನ್ನು ಮರೆತವನಿಗೆ ಮುಂದೆ ದಾರಿಯಿಲ್ಲ. ಓದುವುದೇ ಇಲ್ಲಿ ತಿಲಿಸ್ಮನ್ನು ಭೇದಿಸಿದಂತೆ. ಪುಸ್ತಕಗಳಿಗೆ ಬೇಡಿಕೆ ಹೆಚ್ಚಿದಾಗ ಖತ್ರಿಯವರು 1898ರಲ್ಲಿ ಕಾಶಿಯಲ್ಲಿ ಲಹರೀ ಮುದ್ರಣಾಲಯವನ್ನು ತೆರೆದರು.

ಪಂಡಿತರು ಒಪ್ಪಲಿಲ್ಲ. 1929ರಲ್ಲಿ ಹಿಂದೀ ಸಾಹಿತ್ಯದ ಇತಿಹಾಸವನ್ನು ಬರೆದ ರಾಮಚಂದ್ರ ಶುಕ್ಲರು ಈ ಕೃತಿಗಳಲ್ಲಿ ಘಟನೆಗಳ ಸೊಗಸುಂಟು, ಸಾಹಿತ್ಯದ ರಸವಿಲ್ಲವೆಂದು ತೀರ್ಮಾನಿಸಿದರು. ಆದರೂ ಖತ್ರಿಯವರಷ್ಟು ಓದುಗರನ್ನು ಹಿಂದಿಗೆ ತಂದುಕೊಟ್ಟವರು ಬೇರೊಬ್ಬರಿಲ್ಲವೆಂದು ಒಪ್ಪಿಕೊಂಡರು. ಒಂದೇ ಲೇಖನಿಯಿಂದ ಬಂದ ಈ ಎರಡು ಮಾತುಗಳಲ್ಲಿ ಯಾವುದು ಹೆಚ್ಚು ತೂಗುತ್ತದೆ? ಓದುಗನೇ ಇಲ್ಲದ ಕಡೆ ರಸವನ್ನು ಸವಿಯುವವರಾರು?

ಸಂತತಿಯ ಕಳಂಕಿತ ಐಯಾರನೊಬ್ಬನ ಪೂರ್ವಕಥೆಯನ್ನು 'ಭೂತನಾಥ'ದಲ್ಲಿ ಹೇಳತೊಡಗಿದ ಖತ್ರಿಯವರು, ಅದು ಮುಗಿಯುವ ಮೊದಲೇ 1913ರಲ್ಲಿ ತೀರಿಕೊಂಡರು. ಮಗ ದುರ್ಗಾಪ್ರಸಾದರು ಅದನ್ನು ಮುಗಿಸಿದರು. ತಂದೆ ನಿಲ್ಲಿಸಿದ ಕಡೆ ಮಗ ಲೇಖನಿ ಹಿಡಿಯಬೇಕಾಯಿತು. ಓದುಗರು ಅಕ್ಷರ ಕಲಿತು ಕಾಯುತ್ತಿದ್ದರು.