ರಕ್ತಕಣಗಣಕ ಯಂತ್ರದ ಜನಕ ವ್ಯಾಲೇಸ್ ಕೋಲ್ಟರ್

ಮಳೆಗಾಲದಲ್ಲಿ ಜ್ವರದ ಹಾವಳಿ ತೊಡಗಿತೆಂದರೆ ಹಾಸನ ಸೀಮೆಯ ಹಳ್ಳಿಗಳಲ್ಲಿ ಒಂದು ಅಂಕಿ ಬಾಯಿಂದ ಬಾಯಿಗೆ ಹಬ್ಬುತ್ತದೆ. ಕೊರವಂಗಲದ ಬೂಚೇಶ್ವರನ ಗುಡಿಯ ಬಳಿ ಕುಳಿತ ಹಿರಿಯರಾಗಲಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಸಂತೆಗೆ ಬಂದ ರೈತರಾಗಲಿ, ನೆರೆಮನೆಯ ರೋಗಿಯ ಕುಶಲವನ್ನು ವಿಚಾರಿಸುವಾಗ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಕೇಳುವುದು ಈಗ ರೂಢಿಯಾಗಿದೆ. ಡೆಂಗ್ಯೂ ಜ್ವರ ನಮಗೆ ಕಲಿಸಿಕೊಟ್ಟ ಪ್ರಶ್ನೆಯಿದು. ಬೆರಳಷ್ಟು ಉದ್ದದ ಗಾಜಿನ ಕೊಳವೆಯಲ್ಲಿ ತೆಗೆದುಕೊಂಡು ಹೋದ ರಕ್ತ, ಸ್ವಲ್ಪ ಹೊತ್ತಿನಲ್ಲಿಯೇ ಅಂಕಿಗಳ ಚೀಟಿಯಾಗಿ ಮರಳಿ ಬರುತ್ತದೆ. ಅದನ್ನು ಎಣಿಸಿದವರಾರು, ಹೇಗೆಣಿಸಿದರು ಎಂಬುದನ್ನು ಕೇಳುವವರು ವಿರಳ. ಆ ಎಣಿಕೆಯ ಯಂತ್ರವನ್ನು ಲೋಕಕ್ಕೆ ಕೊಟ್ಟವರು ವ್ಯಾಲೇಸ್ ಹೆನ್ರಿ ಕೋಲ್ಟರ್. ವೈದ್ಯಶಾಸ್ತ್ರವನ್ನು ಓದಿದವರಲ್ಲ, ರೇಡಿಯೋ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಬೆಳೆದವರು.

ಕೋಲ್ಟರರು 1913ನೆಯ ಇಸವಿ ಫೆಬ್ರವರಿ 17ರಂದು ಅಮೆರಿಕದ ಅರ್ಕಾನ್ಸಾ ಸಂಸ್ಥಾನದ ಲಿಟಲ್ ರಾಕ್ ನಗರದಲ್ಲಿ ಜನಿಸಿದರು. ಬಾಲ್ಯವನ್ನು ಕಳೆದದ್ದು ಮೆಗೀ ಎಂಬ ಚಿಕ್ಕ ಊರಿನಲ್ಲಿ. ತಂದೆ ರೈಲ್ವೆಯ ನೌಕರರು, ತಾಯಿ ಶಿಕ್ಷಕಿ. ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಸೈಕಲ್ ಕೊಡಿಸುವುದಾಗಿ ಹಿರಿಯರು ಹೇಳಿದಾಗ, ಹುಡುಗ ಅದನ್ನು ಬೇಡವೆಂದು ರೇಡಿಯೋ ಕಟ್ಟುವ ಸಾಮಗ್ರಿಯನ್ನು ಕೇಳಿ ಪಡೆದನಂತೆ. ಮಿಸೌರಿಯ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿಯೂ ಅನಂತರ ಜಾರ್ಜಿಯಾದ ತಾಂತ್ರಿಕ ವಿದ್ಯಾಲಯದಲ್ಲಿಯೂ ಅವರ ವ್ಯಾಸಂಗ ನಡೆಯಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಓದು ಮುಂದುವರಿಯುವ ಅನುಕೂಲವಿರಲಿಲ್ಲ. ಮೆಂಫಿಸ್ ನಗರದ ಬಾನುಲಿ ಕೇಂದ್ರವೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತ, ಸಂದರ್ಭ ಬಿದ್ದಾಗ ಉದ್ಘೋಷಕರಾಗಿಯೂ ದುಡಿದರು. 1935ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಕ್ಸ್‌ರೇ ವಿಭಾಗವನ್ನು ಸೇರಿ, ಆಸ್ಪತ್ರೆಗಳಿಗೆ ಯಂತ್ರಗಳನ್ನು ಮಾರುವ ಮತ್ತು ದುರಸ್ತಿ ಮಾಡುವ ಕೆಲಸಕ್ಕೆ ತೊಡಗಿದರು.

ಈ ಉದ್ಯೋಗವೇ ಅವರನ್ನು ಪೂರ್ವದೇಶಗಳಿಗೆ ಕರೆತಂದಿತು. ಶಾಂಘೈ, ಸಿಂಗಪುರಗಳಲ್ಲಿದ್ದು ಊರೂರಿನ ಆಸ್ಪತ್ರೆಗಳನ್ನು ಸುತ್ತಿದರು. 1941ರ ಕೊನೆಯಲ್ಲಿ ಜಪಾನಿನ ಸೇನೆ ಸಿಂಗಪುರವನ್ನು ಸಮೀಪಿಸುತ್ತಿದ್ದಾಗ, ಭಾರತಕ್ಕೆ ಹೊರಟಿದ್ದ ಸಣ್ಣ ಸರಕಿನ ಹಡಗೊಂದನ್ನು ಹಿಡಿದು ಇರುಳಿನ ಕತ್ತಲೆಯಲ್ಲಿ ಪಾರಾದರು. ನಮ್ಮ ದೇಶದಲ್ಲಿ ಕೆಲವು ವಾರಗಳಿದ್ದು, ನೇರ ಹಾದಿ ಯುದ್ಧದಿಂದ ಮುಚ್ಚಿದ್ದುದರಿಂದ ಆಫ್ರಿಕ, ದಕ್ಷಿಣ ಅಮೆರಿಕಗಳನ್ನು ಬಳಸಿಕೊಂಡು ಹೊರಟವರು ಸ್ವದೇಶ ಸೇರುವ ವೇಳೆಗೆ ಸುಮಾರು ಒಂದು ವರ್ಷವೇ ಸಂದಿತ್ತು. ಸಿಂಗಪುರವಾದರೋ 1942ರ ಫೆಬ್ರವರಿಯಲ್ಲಿ ಪತನಗೊಂಡಿತು. ಆ ಹಡಗು ತಪ್ಪಿದ್ದರೆ ಇಂದು ಬರೆಯಬೇಕಾದ ಚರಿತ್ರೆಯೇ ಇರುತ್ತಿರಲಿಲ್ಲವೇನೋ.

ಆಸ್ಪತ್ರೆಗಳ ಸುತ್ತಾಟದಲ್ಲಿ ಒಂದು ದೃಶ್ಯ ಅವರ ಮನಸ್ಸಿನಲ್ಲಿ ನೆಲೆನಿಂತಿತ್ತು. ಪ್ರಯೋಗಾಲಯದ ಸಿಬ್ಬಂದಿ ಸೂಕ್ಷ್ಮದರ್ಶಕದ ಮೇಲೆ ಬೆನ್ನು ಬಾಗಿಸಿ ಗಂಟೆಗಟ್ಟಲೆ ರಕ್ತಕಣಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಈ ಎಣಿಕೆಯ ಕಷ್ಟವೇನೆಂಬುದನ್ನು ಓದುಗರು ತಿಳಿಯಬೇಕು. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. ಅದನ್ನು ಸಣ್ಣ ಪಿಪೆಟ್ಟಿನಲ್ಲಿ ಬಾಯಿಯಿಂದ ಹೀರಿ, 200 ಪಾಲು ತೆಳುವಾಗಿಸಿ, ಗೆರೆ ಕೊರೆದ ಗಾಜಿನ ಮೇಲೆ ಹರಿಸಿ, 80 ಪುಟ್ಟ ಚೌಕಗಳಲ್ಲಿ ಕಂಡ ಕಣಗಳನ್ನು ಲೆಕ್ಕ ಹಾಕಬೇಕು. ಸಿಗುವುದು 500ರಷ್ಟು ಕಣ. ಅದನ್ನು 10,000ದಿಂದ ಗುಣಿಸಿದರೆ ಉತ್ತರ. ಅಂದರೆ ಕಣ್ಣು ತಪ್ಪಿಸಿಕೊಂಡ ಒಂದೇ ಒಂದು ಕಣ ಉತ್ತರದಲ್ಲಿ 10,000ದ ವ್ಯತ್ಯಾಸವನ್ನುಂಟುಮಾಡುತ್ತದೆ. ಬೆಳಗಿನ ಮೊದಲ ರೋಗಿಗೆ ದೊರೆತ ಶ್ರದ್ಧೆ ಸಂಜೆಯ ನಲವತ್ತನೆಯ ರೋಗಿಗೂ ದೊರೆಯುವುದೆಂದು ಹೇಳುವ ಧೈರ್ಯ ಯಾರಿಗುಂಟು? ತಪ್ಪೆಣಿಕೆಯಿಂದ ಸಂಕಟಪಡುವವನು ಮಾತ್ರ ಎಣಿಸಿದವನಲ್ಲ, ರೋಗಿ.

1945ರಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಬಿದ್ದ ಬಾಂಬುಗಳು ಈ ಕೊರತೆಯನ್ನು ಇನ್ನಷ್ಟು ತೀವ್ರಗೊಳಿಸಿದವು. ವಿಕಿರಣಕ್ಕೆ ತುತ್ತಾದವರ ಅಸ್ಥಿಮಜ್ಜೆ ಕುಂದಿ ಬಿಳಿಯ ರಕ್ತಕಣಗಳು ಇಳಿಯುತ್ತವೆ. ಊರಿಗೆ ಊರೇ ಅಂತಹ ಆಪತ್ತಿಗೆ ಸಿಕ್ಕರೆ ಸಾವಿರಾರು ಜನರ ರಕ್ತವನ್ನು ಕಣ್ಣಿನಿಂದ ಎಣಿಸಿ ಮುಗಿಸುವುದು ಆಗದ ಮಾತು. ಕೋಲ್ಟರರು ಹಗಲು ಹೊಟ್ಟೆಪಾಡಿಗಾಗಿ ಷಿಕಾಗೋ ನಗರದ ಎಲೆಕ್ಟ್ರಾನಿಕ್ ಸಂಸ್ಥೆಗಳಲ್ಲಿ ದುಡಿದು, ಇರುಳು ಮನೆಯ ನೆಲಮಾಳಿಗೆಯಲ್ಲಿ ಪ್ರಯೋಗ ನಡೆಸಿದರು. ತಮ್ಮ ಜೋಸೆಫರು ಜೊತೆಗೂಡಿದರು.

ಅವರು ಕಂಡುಕೊಂಡ ತತ್ತ್ವ ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಗೂ ತಿಳಿಯುವಂತಹುದು. ಓಮನ ನಿಯಮ ಬಲ್ಲವನಿಗೆ ಹೆಚ್ಚಿನದೇನೂ ಬೇಡ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ರಕ್ತಕಣ ಹರಿಯಗೊಡದು. ಉಪ್ಪುನೀರಿನಲ್ಲಿ ರಕ್ತವನ್ನು ಬೆರೆಸಿ, ಕೂದಲೆಳೆಯಷ್ಟು ಕಿರಿದಾದ ರಂಧ್ರವುಳ್ಳ ಗಾಜಿನ ನಳಿಗೆಯನ್ನು ಅದರಲ್ಲಿ ಮುಳುಗಿಸಿ, ನಳಿಗೆಯ ಒಳಗೊಂದು ಹೊರಗೊಂದು ವಿದ್ಯುದ್ವಾರವನ್ನಿಟ್ಟರೆ ರಂಧ್ರದ ಮೂಲಕ ವಿದ್ಯುತ್ ಪ್ರವಹಿಸುತ್ತದೆ. ದ್ರವವನ್ನು ಒಳಕ್ಕೆಳೆದಾಗ ಕಣವೊಂದು ರಂಧ್ರವನ್ನು ದಾಟುವ ಕ್ಷಣದಲ್ಲಿ ತನ್ನ ಗಾತ್ರದಷ್ಟು ಉಪ್ಪುನೀರನ್ನು ಪಕ್ಕಕ್ಕೆ ಸರಿಸುವುದರಿಂದ ರೋಧ ಹೆಚ್ಚಿ, ಒಂದು ಮಿಡಿತ ಉಂಟಾಗುತ್ತದೆ. ಮಿಡಿತಗಳ ಸಂಖ್ಯೆ ಕಣಗಳ ಸಂಖ್ಯೆಯನ್ನೂ, ಮಿಡಿತದ ಎತ್ತರ ಕಣದ ಗಾತ್ರವನ್ನೂ ತಿಳಿಸುತ್ತದೆ. ಎಣಿಕೆ, ಅಳತೆ ಎರಡೂ ಒಂದೇ ಬಾಗಿಲಿನಲ್ಲಿ!

ಮೊದಲ ರಂಧ್ರ ಮೂಡಿದ ಬಗೆ ಸ್ವಾರಸ್ಯವಾದದ್ದು. ಸಿಗರೇಟು ಪೊಟ್ಟಣಕ್ಕೆ ಸುತ್ತಿದ್ದ ಪಾರದರ್ಶಕ ಹಾಳೆಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ರಬ್ಬರ್ ಪಟ್ಟಿಯಿಂದ ನಳಿಗೆಯ ಬಾಯಿಗೆ ಬಿಗಿದರು. ಪ್ರಯೋಗಕ್ಕೆಂದು ಇಟ್ಟಿದ್ದ ಬಣ್ಣ ಆ ರಾತ್ರಿಯ ಕೊರೆಯುವ ಚಳಿಗೆ ಹೆಪ್ಪುಗಟ್ಟಿತ್ತೆಂದೂ, ಬೇರೆ ಬಣ್ಣ ತರಲು ಹೊರಹೋಗಲೊಲ್ಲದೆ ರಕ್ತವನ್ನೇ ಬಳಸಿದರೆಂದೂ ಕಥೆಯುಂಟು.

ಆದರೆ ಕಂಡುಹಿಡಿದದ್ದಕ್ಕಿಂತ ಅದನ್ನು ತಮ್ಮದೆಂದು ದಾಖಲಿಸುವುದೇ ಕಠಿಣವಾಯಿತು. ಪೇಟೆಂಟ್ ಪಡೆಯಲು ವಕೀಲರ ಬಳಿ ಹೋದರೆ, ರಂಧ್ರಕ್ಕೆ ಯಾರೂ ಒಡೆತನ ಪಡೆಯಲಾರರೆಂದು ಹೇಳಿ ಒಬ್ಬರಲ್ಲ, ಹಲವರು ಹಿಂದಕ್ಕೆ ಕಳುಹಿದರು. ಆ ವಕೀಲರನ್ನು ಮೂಢರೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಕಾನೂನು ಕಾಪಾಡುವುದು ಇರುವ ವಸ್ತುವನ್ನು. ರಂಧ್ರವೆಂದರೆ ಇಲ್ಲದಿರುವುದರ ಹೆಸರು. ಇಲ್ಲದಿರುವೆಡೆಯಲ್ಲಿಯೇ ಇಡೀ ಯಂತ್ರದ ಜೀವವಿದೆಯೆಂಬುದನ್ನು ಕಾಣಲು ಬೇರೆಯೇ ಕಣ್ಣು ಬೇಕಿತ್ತು. ಕೊನೆಗೆ ಒಪ್ಪಿದವರೊಬ್ಬರು ದೊರೆತು 1949ರ ಆಗಸ್ಟ್ 27ರಂದು ಅರ್ಜಿ ಸಲ್ಲಿಕೆಯಾಗಿ, ದ್ರವದಲ್ಲಿ ತೇಲುವ ಕಣಗಳನ್ನೆಣಿಸುವ ಸಾಧನವೆಂಬ ಶೀರ್ಷಿಕೆಯಲ್ಲಿ 1953ರ ಅಕ್ಟೋಬರ್ 20ರಂದು 26,56,508ನೆಯ ಸಂಖ್ಯೆಯ ಅಮೆರಿಕದ ಪೇಟೆಂಟ್ ಲಭಿಸಿತು. ನಾಲ್ಕು ವರ್ಷ, ಎರಡು ತಿಂಗಳ ಕಾಯುವಿಕೆ.

ಎರಡು ಮಾದರಿ ಯಂತ್ರಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಪರೀಕ್ಷೆಗಾಗಿ ಕೊಟ್ಟರು. ಅಲ್ಲಿನ ಬ್ರೆಚರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಯಂತ್ರದ ನಿಷ್ಕೃಷ್ಟತೆ ವೈದ್ಯಲೋಕಕ್ಕೆ ಮನದಟ್ಟಾಯಿತು. ಅದೇ ವರ್ಷ ಷಿಕಾಗೋದ ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಸಮ್ಮೇಳನದಲ್ಲಿ ಕೋಲ್ಟರರು ತಾವೇ ಯಂತ್ರವನ್ನು ವಿವರಿಸಿದರು. ಬರವಣಿಗೆಯ ಗೀಳು ಅವರಿಗಿರಲಿಲ್ಲ. ಆ ಒಂದು ಪ್ರಬಂಧದ ಹೊರತು ಬೇರೆ ತಾಂತ್ರಿಕ ಲೇಖನವನ್ನು ಅವರು ಬರೆಯಲಿಲ್ಲ.

ನಿಷ್ಕೃಷ್ಟತೆಯ ಗುಟ್ಟು ಗಣಿತದಲ್ಲಿದೆ. ರಕ್ತವನ್ನು 50,000 ಪಾಲು ತೆಳುವಾಗಿಸಿ ಅರ್ಧ ಮಿಲಿಲೀಟರನ್ನು ರಂಧ್ರದ ಮೂಲಕ ಎಳೆದರೆ ಹಾದುಹೋಗುವ ಕಣಗಳು ಸುಮಾರು 50,000. ಎಷ್ಟು ಎಳೆಯಬೇಕೆಂಬುದನ್ನು ಪಾದರಸದ ಕಂಬವೇ ನಿರ್ಣಯಿಸುತ್ತಿತ್ತು. ಪಾದರಸ ಒಂದು ತಂತಿಯನ್ನು ಮುಟ್ಟಿದೊಡನೆ ಎಣಿಕೆ ಆರಂಭ, ಇನ್ನೊಂದನ್ನು ಮುಟ್ಟಿದೊಡನೆ ಮುಕ್ತಾಯ. ಕಣ್ಣೆಣಿಕೆಗಿಂತ ನೂರು ಪಟ್ಟು ಹೆಚ್ಚು ಕಣಗಳು ಲೆಕ್ಕಕ್ಕೆ ಬಂದುದರಿಂದ ಆಕಸ್ಮಿಕ ದೋಷ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಅರ್ಧ ಗಂಟೆಯ ಕೆಲಸ ಕಾಲು ನಿಮಿಷದ್ದಾಯಿತು. ದೋಷವೇ ಇಲ್ಲದ ಯಂತ್ರವೆಂದು ತಿಳಿಯಬಾರದು. ಎರಡು ಕಣಗಳು ಒಟ್ಟಿಗೆ ನುಗ್ಗಿದರೆ ಯಂತ್ರ ಅದನ್ನು ಒಂದೆಂದೇ ಎಣಿಸುತ್ತದೆ. ಅದಕ್ಕಾಗಿ ತಿದ್ದುಪಡಿಯ ಕೋಷ್ಟಕವನ್ನು ಬಳಸಬೇಕಾಗುತ್ತಿತ್ತು. ರಂಧ್ರಕ್ಕೆ ಕಸ ಸಿಕ್ಕಿಕೊಂಡರೆ ಕೆಲಸವೇ ನಿಲ್ಲುತ್ತಿತ್ತು.

ದ್ರವಗಳ ಪರೀಕ್ಷೆಯನ್ನು ಯಂತ್ರಕ್ಕೊಪ್ಪಿಸುವ ಪ್ರಯತ್ನ ಆ ದಶಕದಲ್ಲಿ ಇವರೊಬ್ಬರದೇ ಆಗಿರಲಿಲ್ಲ. ಕ್ಲೀವ್‌ಲೆಂಡಿನ ಲೆನಾರ್ಡ್ ಸ್ಕೆಗ್ಸ್ ರೂಪಿಸಿದ ಸ್ವಯಂಚಾಲಿತ ವಿಶ್ಲೇಷಕ 1957ರಲ್ಲಿ ಮಾರಾಟಕ್ಕೆ ಬಂದಿತು. ಸಣ್ಣ ಕೊಳವೆಯಲ್ಲಿ ಒಂದರ ಹಿಂದೊಂದು ಹರಿಯುವ ಮಾದರಿಗಳನ್ನು ಗಾಳಿಯ ಗುಳ್ಳೆಗಳಿಂದ ಬೇರ್ಪಡಿಸಿ, ಬಣ್ಣದ ಗಾಢತೆಯಿಂದ ಸಕ್ಕರೆ, ಯೂರಿಯಾಗಳನ್ನು ಅದು ಅಳೆಯುತ್ತಿತ್ತು. ಬಣ್ಣದಿಂದ ಅಳೆಯುವ ಆ ಪರಂಪರೆಗೆ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರ ಕಾಣಿಕೆಯೂ ಸೇರಿದೆ. ರಕ್ತ ಮತ್ತು ಮೂತ್ರಗಳಲ್ಲಿನ ರಂಜಕವನ್ನು ನೀಲಿ ಬಣ್ಣದ ಮೂಲಕ ಅಳೆಯುವ ವಿಧಾನವನ್ನು ಅವರು ಫಿಸ್ಕೆಯವರೊಡನೆ 1925ರಲ್ಲಿ ಹಾರ್ವರ್ಡ್‌ನಲ್ಲಿ ಪ್ರಕಟಿಸಿದ್ದರು. ಸ್ಕೆಗ್ಸ್ ಕರಗಿದ್ದನ್ನು ಅಳೆದರು, ಕೋಲ್ಟರ್ ಕರಗದೆ ತೇಲುವುದನ್ನು ಎಣಿಸಿದರು.

1958ರಲ್ಲಿ ಸೋದರರು ಕೋಲ್ಟರ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ನೋಂದಾಯಿಸಿದರು. 1961ರಲ್ಲಿ ಅದು ಫ್ಲಾರಿಡಾದ ಮಯಾಮಿ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. ಮೊದಲ ದಿನಗಳಲ್ಲಿ ಯಂತ್ರವನ್ನು ಕಟ್ಟಿದವರೂ ಅವರೇ, ಕೊಂಡವರಿಗೆ ಮುಟ್ಟಿಸಿದವರೂ ಅವರೇ. 1968ರಲ್ಲಿ ಹೊರಬಂದ ಎಸ್ ಮಾದರಿ ರಕ್ತವನ್ನು ತೆಳುವಾಗಿಸುವ ಕೆಲಸವನ್ನೂ ತಾನೇ ವಹಿಸಿಕೊಂಡು, ಹಿಮೋಗ್ಲೋಬಿನ್ ಸೇರಿದಂತೆ ಏಳು ಅಳತೆಗಳನ್ನು ಒಮ್ಮೆಗೇ ಅಚ್ಚುಮಾಡಿ ಕೊಟ್ಟಿತು. ಇಂದು ನಮ್ಮ ಕೈಗೆ ಬರುವ ಚೀಟಿಯ ಪೂರ್ವಜ ಅದೇ. ಬಣ್ಣ, ಶಾಯಿ, ಔಷಧದ ಪುಡಿಗಳ ಪರೀಕ್ಷೆಗೂ ಈ ರಂಧ್ರ ಒದಗಿತು. ಹಸುವಿನ ಕೆಚ್ಚಲು ಬಾವನ್ನು ಕಂಡುಹಿಡಿಯಲು ಹಾಲಿನಲ್ಲಿನ ಜೀವಕೋಶಗಳನ್ನೆಣಿಸುವುದಕ್ಕೂ ಅದನ್ನು ಬಳಸಿದರು. ಹೈನಿನ ಹಾಸನದವರಾದ ನಮಗೆ ಇದು ಕಡಮೆ ಮಾತಲ್ಲ.

ಕೋಲ್ಟರರು ವಿವಾಹವಾಗಲಿಲ್ಲ. ಎಂಬತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿದ್ದರೂ ಸಭೆ ಸಮಾರಂಭಗಳಿಂದ ದೂರವಿದ್ದರು. 1960ರಲ್ಲಿ ಜಾನ್ ಸ್ಕಾಟ್ ಪ್ರಶಸ್ತಿಯೂ, 1989ರಲ್ಲಿ ಅಮೆರಿಕದ ರಕ್ತಶಾಸ್ತ್ರ ಸಂಘದ ಸೇವಾ ಪುರಸ್ಕಾರವೂ ಸಂದವು. 1995ರಲ್ಲಿ ತಮ್ಮ ಜೋಸೆಫರು ತೀರಿಕೊಂಡರು. ಎರಡು ವರ್ಷಗಳ ಬಳಿಕ, 1997ರಲ್ಲಿ, ಸಂಸ್ಥೆಯನ್ನು ಬೆಕ್‌ಮನ್ ಕಂಪನಿಗೆ ಮಾರಿದಾಗ 10 ಕೋಟಿ ಡಾಲರನ್ನು ನೌಕರರಿಗೆಂದೇ ತೆಗೆದಿರಿಸಿ ಹಂಚಿಸಿದರು. ಯಂತ್ರದ ತಿರುಪು ಬಿಗಿದವರ ಪಾಲೂ ಅದರಲ್ಲಿತ್ತು. 1998ರ ಆಗಸ್ಟ್ 7ರಂದು ತಮ್ಮ 85ನೆಯ ವಯಸ್ಸಿನಲ್ಲಿ ಅವರು ಮಯಾಮಿಯಲ್ಲಿ ನಿಧನರಾದರು. ಉಳಿದ ಸಂಪತ್ತು ಅವರ ಹೆಸರಿನ ಪ್ರತಿಷ್ಠಾನಕ್ಕೆ ಸೇರಿ ವೈದ್ಯಕೀಯ ಸಂಶೋಧನೆಗೆ ವಿನಿಯೋಗವಾಯಿತು. ರಂಧ್ರಕ್ಕೆ ಪೇಟೆಂಟ್ ಸಲ್ಲದೆಂದು ಹಿಂದಿರುಗಿಸಿ ಕಳುಹಿದವರ ದೇಶವೇ 2004ರಲ್ಲಿ ಅವರ ಹೆಸರನ್ನು ರಾಷ್ಟ್ರೀಯ ಆವಿಷ್ಕಾರಕರ ಕೀರ್ತಿಭವನದಲ್ಲಿ ಸೇರಿಸಿತು.