ಚೆಂಡಾಟದ ಬಾಲೂ

ಸಂಜೆಯಾದರೆ ನಮ್ಮ ಬಜಪೆಯ ಬಯಲುಗಳಲ್ಲಿ ಕ್ರಿಕೆಟ್ ಆಡದ ಹುಡುಗನಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಒಂದೇ ಬೇಸಗೆಯಲ್ಲಿ 114 ವಿಕೆಟುಗಳನ್ನು ಕಿತ್ತ ವೀರನೊಬ್ಬನು ನಮ್ಮ ಧಾರವಾಡದಲ್ಲಿ ಹುಟ್ಟಿದವನೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಈಚಿನವರೆಗೆ ನಾನೂ ಅರಿಯೆ.

ಪಲ್ವಂಕರ ಬಾಲೂ ಅವರು 1876ರಲ್ಲಿ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದರು. ಜಾತಿಯಿಂದ ಚಮ್ಮಾರರು. ತಂದೆ ಸೈನ್ಯದ ಸೇವೆಯಲ್ಲಿದ್ದರು. ಬಾಲೂ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ರೋಲರ್ ಎಳೆಯುವ, ಬಲೆ ಕಟ್ಟುವ ಕೆಲಸಕ್ಕೆ ನಿಂತರು. ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುವುದೂ ಅವರ ಪಾಲಿಗೆ ಬಂತು. ಗ್ರೇಗ್ ಎಂಬ ಹೆಸರಾಂತ ದಾಂಡಿಗನಿಗೆ ಗಂಟೆಗಟ್ಟಲೆ ಎಸೆದೆಸೆದು ಅವರ ಎಡಗೈ ಪಳಗಿತು. ದಾಂಡನ್ನು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂ ತಂಡದವರಿಗೆ ಬಿಳಿಯರನ್ನು ಸೋಲಿಸುವ ಹಂಬಲ. ಅದಕ್ಕೆ ಬಾಲೂ ಬೇಕು, ಸೇರಿಸಿಕೊಂಡರು. ಆಟದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟಬಹುದಿತ್ತು. ಚಹದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ ಮಣ್ಣಿನ ಕುಡಿಕೆ! ಆ ಚೆಂಡೂ ತೊಗಲಿನದೇ ಎಂಬುದು ಆ ಮಡಿವಂತರಿಗೆ ಹೊಳೆಯಲಿಲ್ಲವೇನೋ.

ಮುಂಬಯಿಗೆ ಬಂದ ಮೇಲೆ ಈ ಕಟ್ಟು ಮೆಲ್ಲಮೆಲ್ಲನೆ ಸಡಿಲಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಅವರ ಎಸೆತಕ್ಕೆ ದೊಡ್ಡ ಪಾಲು ಸಂದಿತು. 1911ರಲ್ಲಿ ಪಟಿಯಾಲದ ಮಹಾರಾಜರ ನೇತೃತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೂ ಬಾಲೂ ಅವರ ಕೀರ್ತಿ ಕುಂದಲಿಲ್ಲ. ಆಗ ಅವರಿಗೆ 35 ವರ್ಷ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠಲರು ಆಡಲೊಲ್ಲೆವೆಂದು ಹೊರಬಂದರು. ಕೊನೆಗೆ ಬಾಲೂ ಉಪನಾಯಕರಾಗಿ ಮರಳಿದರು. ಅಂತಿಮ ಪಂದ್ಯದಲ್ಲಿ ನಾಯಕ ಎಂ. ಡಿ. ಪೈ ಸ್ವಲ್ಪ ಹೊತ್ತು ತಾವಾಗಿ ಅಂಕಣ ಬಿಟ್ಟು, ತಂಡವನ್ನು ಬಾಲೂ ಕೈಗಿತ್ತರು. ಮೂರು ವರ್ಷಗಳ ಬಳಿಕ ವಿಠಲರೇ ನಾಯಕರಾದರು. ಅಣ್ಣನಿಗೆ ಸಲ್ಲಬೇಕಾದುದು ತಮ್ಮನಿಗೆ ಸಂದಿತು.

ಮುಂದಿನ ಕಥೆಯನ್ನು ಬರೆಯುವಾಗ ನನ್ನ ಮನಸ್ಸು ಎರಡಾಗುತ್ತದೆ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಎದ್ದಾಗ ಬಾಲೂ ಡಾ. ಅಂಬೇಡ್ಕರರೊಡನೆ ನಿಲ್ಲದೆ ಗಾಂಧೀಜಿಯವರ ಪಕ್ಷವನ್ನು ಹಿಡಿದರು. 1937ರಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರಿಗೇ ಚುನಾವಣೆಗೆ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಲೂ ಅವರಿಗೆ 11,225. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಆ ಬಾಗಿಲು ತೆರೆದವರಲ್ಲಿ ಅಂಬೇಡ್ಕರರನ್ನು ಮೊದಲು ನೆನೆಯುತ್ತೇನೆ. ಆದರೂ ಬಾಲೂ ತಪ್ಪಿದರೆಂದು ಹೇಳಲು ನಾಲಗೆ ಏಳದು. ಕುಡಿಕೆಯ ಚಹದಿಂದ ಸಹಪಂಕ್ತಿಯ ಊಟದವರೆಗೆ ಮೇಲ್ಜಾತಿಯವರ ಮನಸ್ಸು ಬದಲಾದುದನ್ನು ಅವರು ಕಣ್ಣಾರೆ ಕಂಡಿದ್ದರು; ಅದು ಇನ್ನೂ ಬದಲಾಗಬಹುದೆಂದು ನಂಬಿದರು.

1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ನಿಧನರಾದರು.